ಹೊಸ ಬಯಲಾಟ, ಹಳೆಯ ತಿಲಿಸ್ಮ್

ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳಲ್ಲಿ, ವೈಟ್‌ಫೀಲ್ಡಿನ ಪಿ.ಜಿ. ಕೋಣೆಗಳಲ್ಲಿ, ಪೀಣ್ಯದ ಎರಡನೇ ಪಾಳಿ ಮುಗಿಸಿ ಬಂದು ಚಹಾ ಅಂಗಡಿಯ ಮುಂದೆ ನಿಂತ ಹುಡುಗರ ನಡುವೆ ಈಗ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ: 'ಆ ಗೇಮ್ ನನಗೆ ಹಿಡಿಸುತ್ತಾ?' ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹೊಸ ದೊಡ್ಡ ಆಟವೊಂದಕ್ಕೆ ಮೂರು ನಾಲ್ಕು ಸಾವಿರ ರೂಪಾಯಿ ಬೇಕು. ಅದನ್ನು ಓಡಿಸುವ ಕಂಪ್ಯೂಟರಿಗೆ ಅದರ ಹತ್ತಿಪ್ಪತ್ತು ಪಟ್ಟು. ಇವೆರಡಕ್ಕಿಂತಲೂ ದುಬಾರಿಯಾದುದು ಹೊತ್ತು. 2015ರಲ್ಲಿ ಬಂದ 'ದಿ ವಿಚರ್ 3' ಎಂಬ ಆಟದ ಮುಖ್ಯ ಕಥೆ ಮುಗಿಸಲು ಸುಮಾರು 50 ಗಂಟೆ ಬೇಕು. ಅದರ ಮೂಲೆಮೂಲೆಯನ್ನೂ ನೋಡಬೇಕೆಂದರೆ 150 ಗಂಟೆ ದಾಟುತ್ತದೆ. ವಾರಕ್ಕೆ ಆರು ದಿನ ದುಡಿಯುವವನು ರಾತ್ರಿ ಅರ್ಧ ಗಂಟೆ ಆಡಿದರೂ ಕಥೆ ಮುಗಿಯುವುದು ನೂರನೇ ರಾತ್ರಿಗೆ. ಹಾಗಾಗಿ ಈ ಪ್ರಶ್ನೆಯನ್ನು ಹುಡುಗಾಟಿಕೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಅದಕ್ಕೊಂದು ಉದ್ದವಾದ ಚರಿತ್ರೆಯೂ ಇದೆ. ಆ ಚರಿತ್ರೆಯ ಒಂದು ಕವಲು ನಮ್ಮ ಉರ್ದು ಮನೆಗಳೊಳಗೇ ಹಾದುಹೋಗಿದೆ. ಇನ್ನೊಂದು ಬಿಜಾಪುರ, ಮೈಸೂರುಗಳ ಮೂಲಕ.

ಇಂತಹ ಆಟಗಳನ್ನು 'ಓಪನ್ ವರ್ಲ್ಡ್' ಎನ್ನುತ್ತಾರೆ. ಒಂದು ಹಂತ ಮುಗಿಸಿ ಇನ್ನೊಂದು ಹಂತಕ್ಕೆ ಏರುವ ಆಟ ಇದಲ್ಲ. ಬೆಟ್ಟ, ಕಾಡು, ಊರು, ಗವಿಗಳಿರುವ ಒಂದು ಸೀಮೆಯನ್ನು ಕಟ್ಟಿ, ಆಟಗಾರನನ್ನು ಅದರ ನಡುವೆ ಬಿಟ್ಟುಬಿಡುತ್ತಾರೆ. ಅವನು ರಾಜನ ಕರೆಗೆ ಓಗೊಟ್ಟು ಯುದ್ಧಕ್ಕೆ ಹೋಗಬಹುದು, ಇಲ್ಲವೇ ಮೂರು ದಿನ ಹೂವು ಕೀಳುತ್ತಾ ಹೊಳೆಯ ದಂಡೆಯಲ್ಲಿ ಅಲೆಯಬಹುದು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಬಯಲಾಟ ಎಂಬ ಮಾತು ಮೊದಲೇ ಇದೆ. ಸುಗ್ಗಿಯ ನಂತರ ಖಾಲಿಯಾದ ಹೊಲದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಬಯಲಾಟಕ್ಕೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ಮಂಡಕ್ಕಿ ತಿನ್ನುತ್ತಿದ್ದರು, ನಿದ್ದೆ ಹೋಗುತ್ತಿದ್ದರು, ರಾಕ್ಷಸನ ಪ್ರವೇಶಕ್ಕೆ ಎದ್ದು ಕೂರುತ್ತಿದ್ದರು. ಕಥೆ ತಪ್ಪಿಹೋಯಿತಲ್ಲಾ ಎಂದು ಯಾರೂ ಅಳುತ್ತಿರಲಿಲ್ಲ. ಮೂರು ಗಂಟೆಯ ಸಿನಿಮಾಕ್ಕೆ ಒಗ್ಗಿದ ಮನಸ್ಸಿಗೂ ಬಯಲಾಟಕ್ಕೆ ಒಗ್ಗಿದ ಮನಸ್ಸಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಉರ್ದು ಓದಿದವರಿಗೆ ಇಂತಹ ಲೋಕವೊಂದು ಹಳೆಯ ಪರಿಚಯ. ಅದರ ಹೆಸರು ತಿಲಿಸ್ಮ್. ಅಮೀರ್ ಹಮ್ಝಾರ ದಾಸ್ತಾನಿನಲ್ಲಿ ಮಾಂತ್ರಿಕರು ಕಟ್ಟಿದ ಮಾಯಾಸೀಮೆಗಳು ಬರುತ್ತವೆ. ಅವುಗಳಿಗೆ ತಮ್ಮದೇ ಆಕಾಶ, ಕಾಡು, ಕಾನೂನು, ಕಾವಲುಗಾರರಿದ್ದಾರೆ. ಒಳಹೊಕ್ಕವನಿಗೆ ಹೊರದಾರಿ ಸುಲಭಕ್ಕೆ ಸಿಗುವುದಿಲ್ಲ. ಲಖನೌದ ನವಲ್ ಕಿಶೋರ್ ಪ್ರೆಸ್ 19ನೇ ಶತಮಾನದ ಕೊನೆಯಲ್ಲಿ ಈ ದಾಸ್ತಾನನ್ನು ಅಚ್ಚು ಹಾಕಲು ಹೊರಟು 46 ಸಂಪುಟ ತಂದಿತು. ಒಂದೊಂದೂ ದಿಂಬಿನಷ್ಟು ದಪ್ಪ. ಅದರಲ್ಲಿ ಅತಿ ಹೆಸರಾದ 'ತಿಲಿಸ್ಮ್-ಎ-ಹೋಶ್‌ರುಬಾ'ದ ಮೊದಲ ನಾಲ್ಕು ಸಂಪುಟಗಳನ್ನು 1883ರಿಂದ ಮೊದಲುಗೊಂಡು ಮುಹಮ್ಮದ್ ಹುಸೇನ್ ಜಾಹ್ ಬರೆದರೆ, ಉಳಿದವನ್ನು ಅಹಮದ್ ಹುಸೇನ್ ಕಮರ್ ಮುಗಿಸಿದರು. ಹೋಶ್‌ರುಬಾ ಎಂದರೆ ಎಚ್ಚರವನ್ನು ಕದಿಯುವುದು ಎಂದರ್ಥ. ಆಟದ ಕಂಪನಿಯೊಂದು ಇದಕ್ಕಿಂತ ಒಳ್ಳೆಯ ಹೆಸರು ಇಟ್ಟೀತೆಂದು ನಮಗನಿಸುವುದಿಲ್ಲ.

ಇಂದಿನ ಆಟಗಳನ್ನು ನೋಡಿದಾಗ ನಮಗೆ ಅಚ್ಚರಿಯಾಗುವುದು ಸಾಮಾನುಗಳ ವಿಷಯದಲ್ಲಿ. ಹಮ್ಝಾರ ಗೆಳೆಯ ಅಮರ್ ಅಯ್ಯಾರ್ ಮಹಾ ಕಿಲಾಡಿ, ವೇಷಗಾರ, ಜಿಪುಣ. ಅವನ ಬಳಿ ಜಂಬೀಲ್ ಎಂಬ ಚೀಲವಿದೆ. ಅದರೊಳಗೆ ಏನು ಹಾಕಿದರೂ ಹಿಡಿಯುತ್ತದೆ. ಅದರಲ್ಲಿ ಊರುಗಳೇ ಇವೆ. ಅವನ ಕಂಬಳಿ ಹೊದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂದು ಯಾವ ಮಾಂತ್ರಿಕ ಆಟ ತೆರೆದರೂ ಒಂದು ಗುಂಡಿ ಒತ್ತಿದರೆ ಇದೇ ಚೀಲ ಬಿಚ್ಚಿಕೊಳ್ಳುತ್ತದೆ. ಕತ್ತಿ, ಮದ್ದು, ಚೀಸಿನ ತುಂಡು, ಸತ್ತ ರಾಜನ ಉಂಗುರ ಎಲ್ಲವೂ ಅಲ್ಲಿರುತ್ತವೆ. ಇನ್ನು ಲೌಹ್. ತಿಲಿಸ್ಮನ್ನು ಮುರಿಯಬೇಕಾದವನಿಗೆ ದಕ್ಕುವ ಫಲಕ ಅದು. ಮುಂದೆ ಏನು ಮಾಡಬೇಕು, ಯಾವ ಬಾಗಿಲು ಮುಟ್ಟಬಾರದು ಎಂಬುದು ಅದರಲ್ಲಿ ಮೂಡುತ್ತದೆ. ಲೌಹ್ ಕೈಯಲ್ಲಿಟ್ಟುಕೊಂಡೇ ಆಡುವವರು ಕೆಲವರು, ಅದನ್ನು ಮುಟ್ಟದೆ ದಾರಿ ತಪ್ಪುವುದರಲ್ಲೇ ಸುಖ ಕಾಣುವವರು ಕೆಲವರು. ಅಭಿರುಚಿಯ ಮೊದಲ ಕವಲು ಇಲ್ಲಿಯೇ ಒಡೆಯುತ್ತದೆ.

ಉರ್ದುವಿನಲ್ಲಿ ಅಭಿರುಚಿಗೆ ಜೌಕ್ ಎನ್ನುತ್ತೇವೆ. ಅರಬಿಯಲ್ಲಿ ಅದು ನಾಲಿಗೆಯ ರುಚಿಗೆ ಸಂಬಂಧಿಸಿದ ಮಾತು. ಸೂಫಿಗಳು ಅದನ್ನು ನೇರ ಅನುಭವಕ್ಕೆ ಬಳಸಿದರು. ಇನ್ನೊಬ್ಬರು ಹೇಳಿದ್ದರಿಂದ ತಿಳಿಯುವಂಥದ್ದಲ್ಲ, ತಾನೇ ಸವಿದು ತಿಳಿಯಬೇಕಾದದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ದಾಸ್ತಾನಿನ ಜೌಕ್ ಎಲ್ಲರಿಗೂ ಇರಲಿಲ್ಲ. ಅಕ್ಬರನಿಗೆ ಅದು ಹುಚ್ಚಿನ ಮಟ್ಟಕ್ಕೆ ಇತ್ತು. 1562ರ ಸುಮಾರಿಗೆ ಆರಂಭಿಸಿ ಹದಿನೈದು ವರ್ಷ ಅವನ ಚಿತ್ರಶಾಲೆ ಹಮ್ಝಾನಾಮೆಯ 1400 ದೊಡ್ಡ ಚಿತ್ರಗಳನ್ನು ಬಟ್ಟೆಯ ಮೇಲೆ ಬರೆಯಿತು. ಮೊದಲು ಮೀರ್ ಸಯ್ಯದ್ ಅಲಿ, ನಂತರ ಅಬ್ದುಸ್ಸಮದ್ ಅದರ ಉಸ್ತುವಾರಿ ನೋಡಿದರು. ಚಿತ್ರದ ಹಿಂಬದಿಯಲ್ಲಿ ಕಥೆ. ಓದಲು ಬಾರದ ಬಾದಶಹ ಚಿತ್ರ ನೋಡುತ್ತಾ ಕಥೆ ಕೇಳುತ್ತಿದ್ದ. ದರ್ಬಾರ್ ಖಾನ್ ಎಂಬ ಕಥೆಗಾರ ಅವನ ಆಸ್ಥಾನದಲ್ಲಿದ್ದ. ಆ ಚಿತ್ರಗಳಲ್ಲಿ ಇಂದು ಉಳಿದಿರುವುದು ಬಹಳ ಕಡಿಮೆ. 1881ರಲ್ಲಿ ಶ್ರೀನಗರದಲ್ಲಿ ಕೆಲವು ಸಿಕ್ಕಿದಾಗ ಅವನ್ನು ಚಳಿಗಾಳಿ ತಡೆಯಲು ಕಿಟಕಿಗಳಿಗೆ ಬಳಸಿದ್ದರು. ಅವು ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ.

ಗಾಲಿಬರಿಗೂ ದಾಸ್ತಾನಿನ ರುಚಿ ಬಲವಾಗಿತ್ತು. ಖ್ವಾಜಾ ಅಮಾನ್ ಉರ್ದುವಿಗೆ ತಂದ 'ಬೋಸ್ತಾನ್-ಎ-ಖಯಾಲ್'ಗೆ ಅವರು ಮುನ್ನುಡಿ ಬರೆದುಕೊಟ್ಟರು. ಆದರೆ 1857ರ ಸೋಲಿನ ನಂತರ ಗಾಳಿ ಬದಲಾಯಿತು. ಡೆಪ್ಯುಟಿ ನಜೀರ್ ಅಹಮದರ 'ತೌಬತುನ್ನಸೂಹ್' ಎಂಬ ಕಾದಂಬರಿ 1874ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಲರಾದಿಂದ ಬದುಕುಳಿದ ನಸೂಹ್ ಎಂಬ ತಂದೆ ಮನೆಮಂದಿಯನ್ನೆಲ್ಲ ತಿದ್ದಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕೇಳುವುದಿಲ್ಲ. ಮಗನ ಕೋಣೆಗೆ ಹೋಗಿ ಅಲ್ಲಿದ್ದ ಕಿಸ್ಸೆ, ಕಾವ್ಯದ ಪುಸ್ತಕಗಳನ್ನೆಲ್ಲ ತಂದೆ ಸುಟ್ಟುಹಾಕುತ್ತಾನೆ. ಈ ಕಾದಂಬರಿಗೆ ಸರ್ಕಾರದ ಬಹುಮಾನವೂ ಬಂತು. 1893ರಲ್ಲಿ ಹಾಲಿಯವರ 'ಮುಕದ್ದಮಾ' ಹಳೆಯ ಕಾವ್ಯದ ಉತ್ಪ್ರೇಕ್ಷೆಯನ್ನು ಟೀಕಿಸಿ ಸಹಜತೆಯನ್ನು ಬೇಡಿತು. ಸೋತ ಸಮಾಜವೊಂದು ತನ್ನ ಮಕ್ಕಳ ಕಲ್ಪನಾಲೋಕದ ಮೇಲೆ ಮೊದಲು ಅನುಮಾನಪಡುತ್ತದೆ ಎಂಬುದಕ್ಕೆ ಇದು ಉದಾಹರಣೆ. ತಮಾಷೆಯೆಂದರೆ ಇದೇ ದಶಕಗಳಲ್ಲಿ ನವಲ್ ಕಿಶೋರ್ ಪ್ರೆಸ್ಸಿನಲ್ಲಿ ಹೋಶ್‌ರುಬಾ ಅಚ್ಚಾಗುತ್ತಿತ್ತು. ಸುಧಾರಕರು ಬೆಂಕಿ ಹಚ್ಚುತ್ತಿದ್ದರು, ಓದುಗರು ಕೊಳ್ಳುತ್ತಿದ್ದರು. ಇಂದು ಮಗನ ಕೋಣೆಯ ವೈಫೈ ಪಾಸ್‌ವರ್ಡ್ ಬದಲಿಸುವ ತಂದೆಯರಲ್ಲಿ ನಮಗೆ ನಸೂಹನ ಮುಖ ಕಾಣುತ್ತದೆ. ಕಲೀಮನ ಕೋಣೆಯಲ್ಲಿ ಏನಿತ್ತೆಂದು ಕೂತು ಓದಿ ನೋಡುವ ವ್ಯವಧಾನ ನಸೂಹನಿಗೆ ಇದ್ದಿದ್ದರೆ ಕಾದಂಬರಿಯೇ ಬೇರೆಯಾಗುತ್ತಿತ್ತು.

ದಾಸ್ತಾನು ಉತ್ತರದವರ ಸೊತ್ತು, ನಮಗೇನು ಎಂದು ಕೇಳುವವರಿಗೆ ಬಿಜಾಪುರವನ್ನು ನೆನಪಿಸಬೇಕು. 1570ರಲ್ಲಿ ಅಲಿ ಆದಿಲ್‌ಶಾಹಿಯ ಕಾಲದಲ್ಲಿ ಅಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಗ್ರಂಥ ಈಗ ಡಬ್ಲಿನ್ನಿನಲ್ಲಿದೆ. ಜ್ಯೋತಿಷ್ಯ, ಮಂತ್ರ, ತಾಯಿತ, ಆಯುಧ, ಆನೆ ಕುದುರೆಗಳ ಲಕ್ಷಣ ಎಲ್ಲವೂ ಅದರಲ್ಲಿ ಒಟ್ಟಿಗೇ ಇವೆ. ಅದರ ಸಂಸ್ಕೃತ ಮೂಲದ ಶಕ್ತಿದೇವತೆಗಳು ಮತ್ತು ಪಾರಸಿ ಬರಹ ಒಂದೇ ಪುಟದಲ್ಲಿ ನೆರೆಹೊರೆಯವರಂತೆ ಕೂತಿವೆ. ಇಂದಿನ ಆಟಗಳನ್ನು ಕಟ್ಟುವವರು ಮೊದಲು ತಯಾರಿಸಿಕೊಳ್ಳುವುದೂ ಇಂತಹದೇ ಒಂದು ಕೈಪಿಡಿಯನ್ನು: ಈ ಲೋಕದಲ್ಲಿ ಯಾವ ಮಂತ್ರ, ಯಾವ ಆಯುಧ, ಯಾವ ಪ್ರಾಣಿ ಎಂದು. ಮುಂದೆ ಅದೇ ನಗರದಲ್ಲಿ ನುಸ್ರತಿ ದಖನಿ ಭಾಷೆಯಲ್ಲಿ 'ಗುಲ್ಶನ್-ಎ-ಇಶ್ಕ್' ಬರೆದ. 1657-58ರ ಕೃತಿ. ಮನೋಹರನೆಂಬ ರಾಜಕುಮಾರನನ್ನು ಪರಿಯರು ಹಾಸಿಗೆ ಸಮೇತ ಹೊತ್ತೊಯ್ದು ಮಧುಮಾಲತಿಯ ಮಹಲಿನಲ್ಲಿ ಇಳಿಸುತ್ತಾರೆ. ಆಮೇಲಿನದೆಲ್ಲ ಅವಳನ್ನು ಹುಡುಕುವ ಅಲೆದಾಟ: ಕಡಲು, ಒಡೆದ ಹಡಗು, ಕಾಡು, ರಾಕ್ಷಸನ ಸೆರೆಯಲ್ಲಿರುವ ಇನ್ನೊಬ್ಬ ಹೆಣ್ಣುಮಗಳ ಬಿಡುಗಡೆ. ಮುಖ್ಯ ಕೆಲಸಕ್ಕೆ ಹೊರಟವನು ದಾರಿಯಲ್ಲಿ ಬೇರೊಬ್ಬರ ಕೆಲಸ ಮಾಡಿಕೊಡುವುದು! ಇಂದಿನ ಆಟಗಾರರು ಇದನ್ನೇ 'ಸೈಡ್ ಕ್ವೆಸ್ಟ್' ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಆಡುವ ದಖನಿಯ ಪೂರ್ವಜ ಭಾಷೆಯಲ್ಲಿ ಇದು ಬರೆಯಲ್ಪಟ್ಟಿದ್ದರೂ ನಮ್ಮ ಯಾವ ಶಾಲೆಯಲ್ಲೂ ನಮಗೆ ಇದರ ಹೆಸರು ಹೇಳಲಿಲ್ಲ.

ಕನ್ನಡದಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವಿದೆ. ಅಶ್ವಮೇಧದ ಕುದುರೆ ತನಗೆ ತೋಚಿದತ್ತ ಹೋಗುತ್ತದೆ. ಅರ್ಜುನ ಅದರ ಹಿಂದೆ ನಡೆಯಬೇಕು. ಕುದುರೆ ಹೊಕ್ಕ ಊರೇ ಹೊಸ ಕಥೆ: ಸುಧನ್ವ, ಪ್ರಮೀಳೆಯ ಸ್ತ್ರೀರಾಜ್ಯ, ಬಬ್ರುವಾಹನ. ದಾರಿಯನ್ನು ಕವಿ ಕುದುರೆಗೆ ಬಿಟ್ಟುಕೊಟ್ಟಿರುವುದು ಎಂತಹ ಉಪಾಯ ಎಂದು ಓದಿದಾಗಲೆಲ್ಲ ಅನಿಸುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಬೇರೆಯೇ ತೆರನ ಉದಾಹರಣೆ. 1831ರಲ್ಲಿ ಆಡಳಿತವನ್ನು ಬ್ರಿಟಿಷರು ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಅರಮನೆಯಿತ್ತು, ರಾಜ್ಯಭಾರವಿರಲಿಲ್ಲ. ಅವರು ಆಟಗಳನ್ನು ಕಟ್ಟಿದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಮೊಘಲರೊಂದಿಗೆ ಬಂದ ಗಂಜೀಫಾ ಎಲೆಯಾಟವನ್ನು ತೆಗೆದುಕೊಂಡು, ಒಂದು ಕಟ್ಟಿನಲ್ಲಿ 360 ಎಲೆಗಳವರೆಗೆ ಬೆಳೆಸಿ, ಎಲೆಗಳ ಮೇಲೆ ದೇವತೆಗಳನ್ನೂ ಗ್ರಹಗಳನ್ನೂ ಕೂರಿಸಿದರು. ಹೊರಗಿನ ಲೋಕ ಕೈತಪ್ಪಿದವನು ಒಳಗೊಂದು ಲೋಕ ಕಟ್ಟಿಕೊಂಡ ಎಂದು ಇದನ್ನು ಓದಬಹುದು. ಮುಂದೆ ವೈಟ್‌ಫೀಲ್ಡಿನ ಮಾತು ಬಂದಾಗ ಈ ದೊರೆಯನ್ನು ಓದುಗರು ನೆನಪಿಟ್ಟುಕೊಂಡಿರಲಿ.

ಕಂಪ್ಯೂಟರಿನ ಕಥೆಯೂ ದುಃಖದಿಂದಲೇ ಆರಂಭವಾಗುತ್ತದೆ. ಅಮೆರಿಕದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್, ಇಂಟರ್ನೆಟ್ಟಿನ ತಾಯಿಬೇರಾದ ಅರ್ಪಾನೆಟ್ಟಿನ ಕೆಲಸ ಮಾಡಿದವನು, ಬಿಡುವಿನಲ್ಲಿ ಕೆಂಟಕಿಯ ಮ್ಯಾಮತ್ ಗವಿಗಳೊಳಗೆ ತೆವಳಿ ನಕ್ಷೆ ಬರೆಯುತ್ತಿದ್ದ. ಮದುವೆ ಮುರಿದುಬಿತ್ತು. ದೂರವಾದ ಹೆಣ್ಣುಮಕ್ಕಳು ಮನೆಗೆ ಬಂದಾಗ ಆಡಲೆಂದು 1976ರ ಸುಮಾರಿಗೆ ಆ ಗವಿಯನ್ನೇ ಅಕ್ಷರಗಳಲ್ಲಿ ಕಟ್ಟಿದ. ಚಿತ್ರವಿಲ್ಲ, ಬರೇ ವಾಕ್ಯ: ನೀನು ಇಲ್ಲಿದ್ದೀ, ಉತ್ತರಕ್ಕೆ ದಾರಿಯಿದೆ ಎನ್ನುವ ಬಗೆಯದು. ಮರುವರ್ಷ ಡಾನ್ ವುಡ್ಸ್ ಅದಕ್ಕೆ ಇನ್ನಷ್ಟು ಮಾಯಾಮಂತ್ರ ಸೇರಿಸಿದ. ಅದೇ 'ಕೊಲೋಸಲ್ ಕೇವ್ ಅಡ್ವೆಂಚರ್'. ಅದನ್ನು ಚಿತ್ರಕ್ಕೆ ತಂದವನು ವಾರನ್ ರಾಬಿನೆಟ್. 1980ರ 'ಅಡ್ವೆಂಚರ್' ಅವನದು. ಅವನ ಕಂಪನಿ ಅಟಾರಿ ಆಟ ಬರೆದವರ ಹೆಸರು ಹಾಕುತ್ತಿರಲಿಲ್ಲ. ಅವನು ಯಾರಿಗೂ ಹೇಳದೆ ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ ಅಲ್ಲಿ ತನ್ನ ಹೆಸರು ಬರೆದಿಟ್ಟು ಕೆಲಸ ಬಿಟ್ಟುಹೋದ. ಅದನ್ನು ಪತ್ತೆ ಮಾಡಿದ್ದು ಕಂಪನಿಯಲ್ಲ, ಆಟ ಆಡುತ್ತಿದ್ದ ಒಬ್ಬ ಹುಡುಗ.

1986ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ 'ಲೆಜೆಂಡ್ ಆಫ್ ಜೆಲ್ಡಾ' ತಂದರು. ಕ್ಯೋಟೋ ಬಳಿಯ ಸೊನೊಬೆ ಎಂಬ ಊರಲ್ಲಿ ಹುಡುಗನಾಗಿದ್ದಾಗ ಗುಡ್ಡಗಾಡು ಅಲೆದದ್ದು, ಗವಿಯೊಂದನ್ನು ಕಂಡು ದೀಪ ಹಿಡಿದು ಒಳಹೊಕ್ಕದ್ದು ಆ ಆಟದ ಮೂಲ ಎಂದು ಅವರು ಹೇಳಿಕೊಂಡಿದ್ದಾರೆ. ಕ್ರೌಥರನಿಗೂ ಗವಿ, ಇವರಿಗೂ ಗವಿ. ಬಯಲು ಲೋಕ ಕಟ್ಟಿದವರು ಮೊದಲು ನಿಜವಾದ ಬಯಲಿನಲ್ಲಿ ಅಲೆದವರು.

ಆಮೇಲೆ ಬಂದ ಎರಡು ಆಟಗಳ ಹೋಲಿಕೆ ಅಭಿರುಚಿಯ ಮಾತಿಗೆ ಬಹಳ ಉಪಯುಕ್ತ. ಎರಡೂ 'ಎಲ್ಡರ್ ಸ್ಕ್ರೋಲ್ಸ್' ಎಂಬ ಒಂದೇ ಸರಣಿಯವು. 1996ರ 'ಡ್ಯಾಗರ್‌ಫಾಲ್' ಸುಮಾರು ಗ್ರೇಟ್ ಬ್ರಿಟನ್ನಿನಷ್ಟು ವಿಸ್ತಾರ, ಸಾವಿರಾರು ಊರು. ಯಂತ್ರವೇ ಲೆಕ್ಕ ಹಾಕಿ ಕಟ್ಟಿದ ಊರುಗಳವು. ಒಂದನ್ನು ನೋಡಿದರೆ ನೂರು ನೋಡಿದಂತೆ. 2002ರ 'ಮಾರೋವಿಂಡ್' ಇಪ್ಪತ್ತೈದು ಚದರ ಕಿಲೋಮೀಟರಿನ ಆಸುಪಾಸಿನದು. ವೈಟ್‌ಫೀಲ್ಡಿನಿಂದ ಮಾರತ್‌ಹಳ್ಳಿವರೆಗಿನ ಸೀಮೆಯಷ್ಟೇ ಎನ್ನಿ. ಆದರೆ ಕೈಯಿಂದ ಕಟ್ಟಿದ್ದು. ಅಣಬೆಯ ಮರಗಳು, ಬೂದಿಯ ಗಾಳಿ, ಏಡಿಯ ಚಿಪ್ಪಿನೊಳಗಿನ ಮನೆಗಳು. ಹಿರಿದಾದದ್ದು ಬೇಕೋ, ಕಿಕ್ಕಿರಿದದ್ದು ಬೇಕೋ ಎಂದು ಕೇಳಿಕೊಳ್ಳದೆ ಜಾಹೀರಾತಿನ ಅಳತೆಗೆ ಮರುಳಾಗುವವರು ಹೆಚ್ಚಾಗಿ ನಿರಾಶರಾಗುತ್ತಾರೆ.

ಮಾರೋವಿಂಡಿನಲ್ಲಿ ದಾರಿ ತೋರುವ ಬಾಣವಿಲ್ಲ. ಜನರನ್ನು ಕೇಳಬೇಕು. ಸೇತುವೆ ದಾಟಿ, ದೊಡ್ಡ ಬಂಡೆಯ ಬಳಿ ಎಡಕ್ಕೆ ಎಂಬ ಧಾಟಿಯ ಉತ್ತರ ಸಿಗುತ್ತದೆ. ಬೆಂಗಳೂರಿನಲ್ಲಿ ಮೊಬೈಲ್ ನಕ್ಷೆ ಬರುವ ಮೊದಲು ವಿಳಾಸ ಹುಡುಕಿದವರಿಗೆ ಈ ಧಾಟಿ ಚೆನ್ನಾಗಿ ಗೊತ್ತು: ಆಲದ ಮರ, ಆಮೇಲೆ ರೇಷನ್ ಅಂಗಡಿ, ಅದರ ಎದುರು ಸಂದು. 2006ರ 'ಆಬ್ಲಿವಿಯನ್'ನಲ್ಲಿ ದಿಕ್ಸೂಚಿಯ ಮೇಲೆ ಗುರುತು ಬಂತು. 2011ರ ನವೆಂಬರಿನಲ್ಲಿ ಬಂದ 'ಸ್ಕೈರಿಮ್' ಅದನ್ನೇ ಮುಂದುವರಿಸಿತು. ಈಗ ನಡೆಯುವವನು ಬಂಡೆ ನೋಡುವುದಿಲ್ಲ, ಬಾಣ ನೋಡುತ್ತಾನೆ. ಕೋಟ್ಯಂತರ ಜನರಿಗೆ ಇದೇ ಹಿತವಾಯಿತು ಎಂಬುದು ನಿಜ. 2017ರ 'ಬ್ರೆತ್ ಆಫ್ ದಿ ವೈಲ್ಡ್' ಬಾಣಗಳನ್ನು ಕಡಿಮೆ ಮಾಡಿ, ಎತ್ತರಕ್ಕೆ ಹತ್ತಿ ನೋಡು, ಕಂಡದ್ದಕ್ಕೆ ನೀನೇ ಗುರುತಿಟ್ಟುಕೋ ಎಂದಿತು. 2022ರ 'ಎಲ್ಡನ್ ರಿಂಗ್' ದಾರಿಯನ್ನೂ ಹೇಳುವುದಿಲ್ಲ, ಹೆಜ್ಜೆ ಹೆಜ್ಜೆಗೂ ಕೊಲ್ಲುತ್ತದೆ. ಒಂದೇ ಶತ್ರುವಿನ ಕೈಯಲ್ಲಿ ಮೂವತ್ತು ಸಲ ಸತ್ತು ಮೂವತ್ತೊಂದನೇ ಸಲ ಎದ್ದು ನಿಲ್ಲುವುದರಲ್ಲಿ ಸುಖವಿದೆಯೇ ಎಂದು ಕೇಳಬಹುದು. 2024ರ ಹೊತ್ತಿಗೆ ಅದರ ಎರಡೂವರೆ ಕೋಟಿ ಪ್ರತಿ ಮಾರಾಟವಾಗಿತ್ತು, ಸುಖವಿರುವವರು ಇದ್ದಾರೆ. ಪಾಳಿ ಮುಗಿಸಿ ಬೆನ್ನು ನೋವಿನಿಂದ ಬಂದವನು ಅವರಲ್ಲಿ ಒಬ್ಬನೋ ಅಲ್ಲವೋ ಎಂಬುದನ್ನು ಅವನೇ ಹೇಳಬೇಕು.

ಹತ್ತನೇ ಶತಮಾನದ ಅರಬಿ ಚರಿತ್ರೆಕಾರ ಮಸ್ಊದಿ, ಚದುರಂಗವನ್ನು ಮನುಷ್ಯನ ಸ್ವತಂತ್ರ ಇಚ್ಛೆಗೂ ದಾಳದ ನರ್ದ್ ಆಟವನ್ನು ವಿಧಿಗೂ ಹೋಲಿಸಿದ ವಿಚಾರವಂತರ ಮಾತನ್ನು ದಾಖಲಿಸಿದ್ದಾನೆ. ಬಯಲು ಲೋಕದ ಆಟ ಇವೆರಡರ ನಡುವಿನದು. 'ವಿಚರ್'ನಲ್ಲಿ ನೀವು ಗೆರಾಲ್ಟ್ ಎಂಬ ನರೆತ ಬೇಟೆಗಾರ. ಪೋಲೆಂಡಿನ ಲೇಖಕ ಆಂದ್ರೇ ಸಪ್ಕೋವ್ಸ್ಕಿ ತನ್ನ ಕಥೆಗಳಲ್ಲಿ ಅವನನ್ನು ಮೊದಲೇ ಕಟ್ಟಿಟ್ಟಿದ್ದಾನೆ. ಅವನ ಹಳೆಯ ಪ್ರೀತಿ, ಹಳೆಯ ಜಗಳಗಳೂ ನಿಮ್ಮವೇ. 'ಸ್ಕೈರಿಮ್'ನಲ್ಲಿ ನೀವು ಯಾರೂ ಅಲ್ಲ. ಹೆಸರು, ಮುಖ, ಕುಲ ಎಲ್ಲ ನೀವೇ ಆರಿಸಬೇಕು. ಕಾದಂಬರಿ ಓದುವವರಿಗೆ ಮೊದಲನೆಯದು, ವೇಷ ಹಾಕುವವರಿಗೆ ಎರಡನೆಯದು ಒಗ್ಗುತ್ತದೆ ಎಂಬುದು ನಮ್ಮ ಅನುಭವ.

ಇನ್ನು ನಮ್ಮ ಊರಿಗೆ ಬರೋಣ. ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ಕಲ್ಪನಾಲೋಕವಾಗಿ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ನೆಲೆಯೂರಲು ಸುಮಾರು 3900 ಎಕರೆ ಜಮೀನು ಕೊಟ್ಟರು. ಡಿ.ಎಸ್. ವೈಟ್ ಅದರ ಮುಂದಾಳು. ಹಣ್ಣಿನ ತೋಟ, ಪುಟ್ಟ ಬಂಗಲೆ, ಸ್ವಾವಲಂಬಿ ಬದುಕು ಎಂಬ ಕನಸು. ಕನಸು ಕಂಡಷ್ಟು ಜನ ಅಲ್ಲಿ ಬಂದು ನೆಲೆಸಲಿಲ್ಲ. ಊರು ದಶಕಗಳ ಕಾಲ ನಿದ್ದೆ ಮಾಡಿತು. 1990ರ ದಶಕದ ಕೊನೆಗೆ ಐಟಿಪಿಎಲ್ ಬಂದು ಅದನ್ನು ಎಬ್ಬಿಸಿತು. ಇತ್ತ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 335 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗಲೂ ಜನ ಅದನ್ನು ದಾಸ್ತಾನೆಂದೇ ತಿಳಿದಿರಬೇಕು. ಪೀಣ್ಯದಲ್ಲಿ ಅದೇ ದಶಕದಲ್ಲಿ ಲೇಥುಗಳ ಸದ್ದು ಆರಂಭವಾಗಿತ್ತು.

ಈ ನಗರದಲ್ಲಿ 1997ರಲ್ಲಿ ರಾಜೇಶ್ ರಾವ್ 'ಧ್ರುವ ಇಂಟರ್‌ಆ್ಯಕ್ಟಿವ್' ಎಂಬ ಆಟದ ಸ್ಟುಡಿಯೋ ಆರಂಭಿಸಿದರು. ದೇಶದ ಅತಿ ಹಳೆಯ ಆಟದ ಕಂಪನಿಗಳಲ್ಲಿ ಅದೊಂದು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಮರ, ಸಾಮಾನುಗಳ ಚಿತ್ರಕೆಲಸ ಅಲ್ಲಿ ನಡೆಯಿತು. 2016ರಲ್ಲಿ ರಾಕ್‌ಸ್ಟಾರ್ ಕಂಪನಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು. 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಮಹಾ ಬಯಲು ಲೋಕದ ನಿರ್ಮಾಣದಲ್ಲಿ ಈ ಶಾಖೆಯ ಕೈಯೂ ಇತ್ತು. 2019ರಲ್ಲಿ ಧ್ರುವವನ್ನು ಅದೇ ಕಂಪನಿ ಕೊಂಡುಕೊಂಡಿತು. ಅಂದರೆ ಇಲ್ಲಿಯ ಹುಡುಗ ಹುಡುಗಿಯರು ಇಂತಹ ಆಟಗಳನ್ನು ಕೊಳ್ಳುವವರಷ್ಟೇ ಅಲ್ಲ, ಅವುಗಳ ಬಂಡೆ, ಬೇಲಿ, ಬಾಗಿಲುಗಳನ್ನು ಕೆತ್ತುವವರೂ ಹೌದು. ಅಂತಹ ಕೆಲಸದಲ್ಲಿರುವ ಒಬ್ಬ ತರುಣ ಒಮ್ಮೆ ನಮಗೆ ಹೇಳಿದ್ದ: 'ಮಾಮೂ, ಆರು ತಿಂಗಳು ಬರೇ ಕಲ್ಲು ಮಾಡಿದೆ. ಪಾಚಿ ಹಿಡಿದ ಕಲ್ಲು, ಹಿಮ ಬಿದ್ದ ಕಲ್ಲು. ಆಟ ಬಂದಾಗ ನನ್ನ ಕಲ್ಲು ಎಲ್ಲಿದೆ ಅಂತ ಹುಡುಕ್ತಾ ಹೋದೆ.' ಬೇಲೂರಿನ ಶಿಲ್ಪಿಗಳು ವಿಗ್ರಹದ ಬುಡದಲ್ಲಿ ಹೆಸರು ಕೊರೆದಿದ್ದು ಯಾಕೆಂದು ಆಗ ನಮಗೆ ಹೊಸದಾಗಿ ಅರ್ಥವಾಯಿತು.

ಹೊರಗಿನ ಬಯಲಿನ ಗತಿಯೇನು? ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂತು. ನೀರಿಗೆ ಬೆಂಕಿ ಹತ್ತುವುದು ಅಫ್ರಾಸಿಯಾಬನ ತಿಲಿಸ್ಮಿನಲ್ಲೂ ಅಪರೂಪದ ಘಟನೆ! ಲೇಔಟುಗಳ ಸುತ್ತ ಕಾಂಪೌಂಡು, ಕಾಂಪೌಂಡಿನ ಬಾಯಲ್ಲಿ ಸೆಕ್ಯುರಿಟಿ. ಮಿಯಾಮೊಟೊಗೆ ಸಿಕ್ಕಂತಹ ಗವಿ ಈ ಭಾಗದ ಹುಡುಗನಿಗೆ ಸಿಗಬೇಕಾದರೆ ಪರದೆಯ ಮೇಲೆಯೇ ಸಿಗಬೇಕು. ಹುಡುಗಿಗಂತೂ ಅಲೆಯುವ ಸ್ವಾತಂತ್ರ್ಯ ಹೊರಗೆ ಮೊದಲೂ ಅಷ್ಟಾಗಿ ಇರಲಿಲ್ಲ. ಸ್ಕೈರಿಮಿನ ಹಿಮಬೆಟ್ಟದಲ್ಲಿ ನಡುರಾತ್ರಿ ಒಬ್ಬಳೇ ನಡೆಯುವುದು ಒಬ್ಬ ಹೆಣ್ಣುಮಗಳಿಗೆ ಏನನ್ನು ಕೊಡುತ್ತದೆ ಎಂಬುದನ್ನು ಗಂಡಸರಾದ ನಾವು ಊಹಿಸಬಹುದಷ್ಟೆ. ಮಕ್ಕಳು ಆಟದೊಳಗೆ ಮುಳುಗಿದರೆಂದು ದೂರುವವರು ಅವರು ಯಾವ ಬಯಲಿನಿಂದ ಒಳಗೆ ಹೋದರು ಎಂದೂ ನೋಡಬೇಕು.

ಹಾಗೆಂದು ನಾವು ಆಟದ ಪರ ವಕಾಲತ್ತು ವಹಿಸಿಲ್ಲ. ಈ ಆಟಗಳಲ್ಲಿ ಅನೇಕವು ಕೆಲಸದ ಪಟ್ಟಿಯಾಗಿ ಹೋಗಿವೆ. ಗೋಪುರ ಹತ್ತು, ನಕ್ಷೆ ತೆರೆ, ನಕ್ಷೆಯಲ್ಲಿ ಕಂಡ ನೂರು ಗುರುತುಗಳನ್ನು ಒಂದೊಂದಾಗಿ ಅಳಿಸು. ಹಗಲೆಲ್ಲ ಕಂಪನಿಯಲ್ಲಿ 'ಟಿಕೆಟ್' ಮುಚ್ಚಿದವನು ರಾತ್ರಿ ಮನೆಯಲ್ಲೂ ಟಿಕೆಟ್ ಮುಚ್ಚುತ್ತಾನೆ, ಅದೂ ತಾನೇ ದುಡ್ಡು ಕೊಟ್ಟು. ದಾಸ್ತಾನನ್ನು ಹತ್ತು ಜನ ಕೂತು ಕೇಳುತ್ತಿದ್ದರು. ದಿಲ್ಲಿಯ ಕೊನೆಯ ಹೆಸರಾಂತ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡಾಗ ಹೋದದ್ದು ಕಥೆಯಲ್ಲ, ಆ ಕೂಟ. ಪಿ.ಜಿ. ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತವನಿಗೆ ಕೂಟವಿಲ್ಲ. ದಾಸ್ತಾನ್‌ಗೋಗೆ ಕಥೆಯನ್ನು ತಡೆದು ನಿಲ್ಲಿಸುವ ಕಲೆಯೂ ಗೊತ್ತಿತ್ತು. ಬೆಳಗ್ಗೆ 5 ಗಂಟೆಯಾಯಿತು, ಇನ್ನು ಮಲಗು ಎಂದು ಆಟ ತಾನಾಗಿ ಹೇಳುವುದಿಲ್ಲ.

ಭಾಷೆಯ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಮೇಲೆ ಹೇಳಿದ ಯಾವ ದೊಡ್ಡ ಆಟದಲ್ಲೂ ಕನ್ನಡವಿಲ್ಲ, ಉರ್ದುವೂ ಇಲ್ಲ. ಮಾರೋವಿಂಡ್, ವಿಚರ್‌ಗಳು ಓದಿಸುವ ಆಟಗಳು. ಇಂಗ್ಲಿಷ್ ಸಲೀಸಾಗಿ ಬಾರದ ಹುಡುಗ ಅವುಗಳಲ್ಲಿ ಸೊರಗುತ್ತಾನೆ, ಆಮೇಲೆ ಆಟ ಹಿಡಿಸಲಿಲ್ಲ ಎನ್ನುತ್ತಾನೆ. ಹಿಡಿಸದಿದ್ದುದು ಆಟವೋ ಭಾಷೆಯೋ ಎಂದು ಬಿಡಿಸಿ ನೋಡಬೇಕು. ಕಡಿಮೆ ಮಾತಿನ ಬ್ರೆತ್ ಆಫ್ ದಿ ವೈಲ್ಡ್ ಅವನಿಗೆ ಒಗ್ಗಬಹುದು. ವಯಸ್ಸಿನ ಗುರುತನ್ನೂ ನೋಡಬೇಕು: ಸ್ಕೈರಿಮ್, ವಿಚರ್, ಎಲ್ಡನ್ ರಿಂಗ್ ಮೂರಕ್ಕೂ ಅಮೆರಿಕದ ಮಂಡಳಿ ಕೊಟ್ಟಿರುವುದು 17 ವರ್ಷ ದಾಟಿದವರ ಮುದ್ರೆ. ಕಾರ್ಟೂನೆಂದು ತಿಳಿದು ಐದನೇ ತರಗತಿಯ ಮಗುವಿಗೆ ಕೊಡಿಸುವ ತಂದೆತಾಯಿಗಳಿದ್ದಾರೆ. ಇದಕ್ಕೂ ಹಣ ಕಟ್ಟಿ ಆಡುವ ಆನ್‌ಲೈನ್ ಜೂಜಿಗೂ ಸಂಬಂಧವಿಲ್ಲ ಎಂಬುದನ್ನೂ ಹೇಳಬೇಕಾಗಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯಿದೆಯ ಗುರಿ ಆ ಜೂಜು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಬೈಯುವುದು ನಮ್ಮ ವೇದಿಕೆಗಳ ಭಾಷಣಕಾರರ ಅಭ್ಯಾಸ.

ಸವಿದು ನೋಡಲು ದಾರಿಗಳಿವೆ. ಕಂಪ್ಯೂಟರ್ ಆಟಗಳ ದೊಡ್ಡ ಆನ್‌ಲೈನ್ ಅಂಗಡಿಯಾದ ಸ್ಟೀಮ್, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೊಡುತ್ತದೆ. ಆದರೆ ಬಯಲು ಲೋಕಕ್ಕೆ ಎರಡು ಗಂಟೆ ಏನೂ ಅಲ್ಲ. ಎಲ್ಡರ್ ಸ್ಕ್ರೋಲ್ಸ್ ಆಟಗಳಲ್ಲಿ ನೀವು ಕೈದಿಯಾಗಿ ಕಣ್ಣು ತೆರೆಯುತ್ತೀರಿ. ಸಂಕೋಲೆ ಕಳಚಿ ಬಯಲಿಗೆ ಬರುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ವಿಚರ್‌ನ ಮೊದಲ ಹಳ್ಳಿ ದಾಟಲೇ ಹಲವು ಗಂಟೆ ಬೇಕು. ಹಾಗಾಗಿ ಹಳೆಯ ಆಟದಿಂದ ಆರಂಭಿಸುವುದು ಜಾಣತನ. ನಮಗೆ ಪರಿಚಯದ ಪೀಣ್ಯದ ಟರ್ನರ್ ಒಬ್ಬರ ಮಗ, ಪಿಯುಸಿ ಓದುತ್ತಿರುವವನು, ಹೊಸ ಆಟಕ್ಕೆ ಹಠ ಹಿಡಿದಿದ್ದ. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಅದು ಏರುವಂತಿರಲಿಲ್ಲ. ರಿಯಾಯಿತಿ ದರದಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕ ಮಾರೋವಿಂಡ್ ಹಾಕಿಕೊಂಡ. ಹಡಗಿನಿಂದ ಇಳಿದ ಕೈದಿ ಬಾಲ್ಮೋರಾ ಎಂಬ ಪೇಟೆಯಲ್ಲಿ ಒಬ್ಬನಿಗೆ ಒಂದು ಪೊಟ್ಟಣ ತಲುಪಿಸಬೇಕು. ಅವನ ಮನೆ ಯಾವುದೆಂದು ಊರಿನ ಹೋಟೆಲಿನಲ್ಲಿ ವಿಚಾರಿಸಬೇಕು. ಹುಡುಗ ಮೂರು ರಾತ್ರಿ ದಾರಿ ತಪ್ಪಿದ. ಅವನ ಫಿಸಿಕ್ಸ್ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬರೆದುಕೊಂಡ ಗುರುತುಗಳಿವೆ: ಹೊಳೆ, ಸೇತುವೆ, ಕವಲು ದಾರಿ, ಕಲ್ಲಿನ ಕಂಬ. ನಾಲ್ಕನೇ ರಾತ್ರಿ ಅವನ ಅಬ್ಬಾ ಪಾಳಿ ಮುಗಿಸಿ ಬಂದವರು, ಚಪ್ಪಲಿ ಬಿಚ್ಚುತ್ತಾ, ಸಿಕ್ಕಿತಾ ನಿನ್ನ ಅಡ್ರೆಸ್ಸು ಎಂದು ಕೇಳಿದರು. ಇನ್ನೂ ಇಲ್ಲ ಎಂದ. ಅವರು ಕುರ್ಚಿ ಎಳೆದುಕೊಂಡು, ಹೊಳೆಯ ದಂಡೆ ಹಿಡಿದು ಹೋಗಿ ನೋಡು, ಪೇಟೆ ಯಾವಾಗಲೂ ನೀರಿನ ಹತ್ತಿರಾನೇ ಇರೋದು ಎಂದರು.